ಬಾಲ್ಕನಿಯ ಮೂರು ಆರ್ಕಿಡ್‌ಗಳು ಯಾಕೆ ಮುನಿಸಿಕೊಂಡಿವೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಮನೆಯಲ್ಲಿದ್ದೇವೆ. ಬಾಲ್ಕನಿ ಪೂರ್ವಕ್ಕಿದೆ. ನನ್ನ ಹತ್ತಿರ ಮೂರು ಆರ್ಕಿಡ್ ಇವೆ. ಒಂದು ಅಂಗಡಿಯಿಂದ ತಂದ ಫೆಲನಾಪ್ಸಿಸ್. ಹೂ ಉದುರಿದ ಮೇಲೆ ಅದರ ಎಲೆ ಸುಕ್ಕಾಗಿ ಜೋತುಬಿದ್ದಿದೆ. ಇನ್ನೊಂದು ಡೆಂಡ್ರೋಬಿಯಂ. ಹೂ ಬಿಡುವ ಬದಲು ದಂಟಿನ ತುದಿಯಲ್ಲಿ ಮರಿ ಗಿಡ ಬಿಡುತ್ತಿದೆ. ಮೂರನೆಯದು ಸೀತಾಳೆ ದಂಡೆ. ಶಿರಸಿ ಹತ್ತಿರ ನಮ್ಮ ತವರಿನ ತೋಟದಲ್ಲಿ ಮಳೆಗೆ ಮುರಿದು ಬಿದ್ದ ಮಾವಿನ ಕೊಂಬೆಯಲ್ಲಿತ್ತು. ತಂದು ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿ ಕುಂಡದಲ್ಲಿ ನೆಟ್ಟೆ. ವರ್ಷವಾದರೂ ಹೂ ಇಲ್ಲ, ಬೇರುಗಳೆಲ್ಲ ಕುಂಡದಿಂದ ಹೊರಗೆ ಬರುತ್ತಿವೆ. ಮೂರಕ್ಕೂ ದಿನಾ ನೀರು ಹಾಕುತ್ತೇನೆ. ಎಲ್ಲಿ ತಪ್ಪುತ್ತಿದೆ? ತವರಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮಳೆಗಾಲಕ್ಕೆ ಬಿಳಿ ಹೂ ಬಿಡುವ ನೆಲದ ಆರ್ಕಿಡ್ ಇದೆ, ಅದನ್ನೂ ತಂದು ನೆಡಬಹುದೇ?

ಉತ್ತರ: ಮೊದಲು ಸೀತಾಳೆ ದಂಡೆಯನ್ನು ಮಣ್ಣಿನಿಂದ ಎತ್ತಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ.

ಬೇರು ಕುಂಡದಿಂದ ಹೊರಗೆ ಬರುತ್ತಿದೆ ಎಂದು ನೀವು ಗಾಬರಿಯಾಗಿದ್ದೀರಿ. ನನಗೆ ಅದೇ ಒಳ್ಳೆಯ ಸುದ್ದಿ. ಗಿಡ ಇನ್ನೂ ಗಟ್ಟಿಯಾಗಿದೆ, ಮಣ್ಣಿನಿಂದ ತಪ್ಪಿಸಿಕೊಂಡು ಗಾಳಿ ಹುಡುಕುತ್ತಿದೆ. ಹೊರಗೆ ಬಂದ ಒಂದು ಬೇರನ್ನು ಹತ್ತಿರದಿಂದ ನೋಡಿ. ಒಣಗಿದಾಗ ಅದು ಬೂದಿ ಬೆರೆಸಿದ ಬೆಳ್ಳಿಯ ಬಣ್ಣದಲ್ಲಿರುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಹಾಕಿ. ಕಣ್ಣೆದುರಿಗೇ ಹಸಿರಾಗುತ್ತದೆ. ಬೇರಿನ ಸುತ್ತ ಸತ್ತ ಜೀವಕೋಶಗಳ ದಪ್ಪನೆಯ ಹೊದಿಕೆಯೊಂದಿದೆ. ಅದಕ್ಕೆ ವೆಲಾಮೆನ್ ಎನ್ನುತ್ತಾರೆ. ಸ್ಪಂಜಿನ ಹಾಗೆ ನೀರನ್ನು ತಟ್ಟನೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಳಗಿನ ಜೀವಂತ ಬೇರಿಗೆ ನಿಧಾನಕ್ಕೆ ಕೊಡುತ್ತದೆ. ನೆಂದಾಗ ಈ ಹೊದಿಕೆ ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಕಾಣುತ್ತದೆ. ಮರದ ಮೇಲೆ ಮಳೆ ನೀರು ಹರಿದು ಹೋಗುವ ಆ ಸ್ವಲ್ಪ ಹೊತ್ತಿನಲ್ಲೇ ಕುಡಿದು ಮುಗಿಸಬೇಕಾದ ಬೇರು ಇದು. ಇಂಥ ಬೇರನ್ನು ಒದ್ದೆ ಮಣ್ಣಿನಲ್ಲಿ ಹೂತರೆ ಹೊದಿಕೆ ಯಾವಾಗಲೂ ನೀರು ತುಂಬಿಕೊಂಡೇ ಇರುತ್ತದೆ. ಒಳಗೆ ಗಾಳಿ ಆಡುವುದಿಲ್ಲ, ಬೇರು ಕೊಳೆಯುತ್ತದೆ.

ಇಲ್ಲೊಂದು ಮಾತು. ಮಲೆನಾಡಿನ ಕಡೆ ಎಷ್ಟೋ ಜನ ಸೀತಾಳೆ ದಂಡೆಯನ್ನು ಬಂದಳಿಕೆ ಜೊತೆ ಸೇರಿಸಿ ಮರದಿಂದ ಕಿತ್ತು ಎಸೆಯುತ್ತಾರೆ. ಬಂದಳಿಕೆ ಮರದ ಒಳಗೇ ಬೇರಿಳಿಸಿ ರಸ ಹೀರುತ್ತದೆ, ಅದನ್ನು ತೆಗೆಯಲೇಬೇಕು. ಆರ್ಕಿಡ್ ಹಾಗೆ ಮಾಡುವುದಿಲ್ಲ. ತೊಗಟೆಯನ್ನು ಹಿಡಿದುಕೊಂಡು ಕೂತಿರುತ್ತದೆ ಅಷ್ಟೇ. ಮಳೆ ನೀರು, ಮಂಜು, ತೊಗಟೆಯ ಬಿರುಕಿನಲ್ಲಿ ಸೇರಿದ ಎಲೆಪುಡಿ, ಇಷ್ಟರಲ್ಲೇ ಅದರ ಸಂಸಾರ ನಡೆಯುತ್ತದೆ. ತೋಟದ ಮಾವು, ಹಲಸಿನ ಮೇಲೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ ಎಂದು ತವರಿನಲ್ಲೂ ಹೇಳಿ.

ಈಗ ಶಿರಸಿಯ ಮರವನ್ನು ಒಮ್ಮೆ ನೆನಪಿಸಿಕೊಳ್ಳಿ. ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಇದೆ. ಆ ಕಡೆ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಬೀಳುತ್ತದೆ. ಆದರೆ ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿದುಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಇಲ್ಲವೆಂದರೂ ಸರಿ. ಮಲೆನಾಡು ಅಂದರೆ ಯಾವಾಗಲೂ ಒದ್ದೆ ಎಂದುಕೊಂಡು ಜನ ಅಲ್ಲಿನ ಆರ್ಕಿಡ್‌ಗೆ ವರ್ಷವಿಡೀ ನೀರು ಸುರಿಯುತ್ತಾರೆ. ನಾಲ್ಕೈದು ತಿಂಗಳ ಒಣ ಕಾಲವನ್ನು ಈ ಗಿಡ ಪ್ರತಿ ವರ್ಷ ದಾಟುತ್ತದೆ. ಬೆಳಗಿನ ಇಬ್ಬನಿಯೇ ಆಗ ಅದಕ್ಕೆ ಆಸರೆ. ದಪ್ಪ ಎಲೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ನೀರು ಆವಿಯಾಗಿ ಹೋಗಬಾರದೆಂದು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ಮುಖ್ಯವಾಗಿ ರಾತ್ರಿ ಹೊತ್ತು ತೆರೆಯುತ್ತದೆ.

ಬೆಳಕಿನ ಲೆಕ್ಕವೂ ಹಾಗೆಯೇ. ಇದು ದಟ್ಟ ಕಾಡಿನ ಕತ್ತಲೆಯ ಗಿಡವಲ್ಲ. ಮತ್ತಿ, ಮಾವು, ಹಲಸು ಇಂಥ ಒರಟು ತೊಗಟೆಯ ಮರಗಳ ಮೇಲೆ, ಕೊಂಬೆ ಒಡೆಯುವ ಎತ್ತರದಲ್ಲಿ ಹೆಚ್ಚಾಗಿ ಸಿಗುತ್ತದೆ. ಮತ್ತಿಯಂಥ ಮರ ಬೇಸಿಗೆಗೆ ಮೊದಲು ಎಲೆ ಉದುರಿಸುತ್ತದೆ. ಆಗ ದಂಡೆಯ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ. ನೀರು ಕಡಿಮೆ, ಬೆಳಕು ಜಾಸ್ತಿ. ಈ ಎರಡು ಒಟ್ಟಿಗೆ ಸಿಕ್ಕ ಮೇಲೆ ಏಪ್ರಿಲ್‌ನಿಂದ ಜೂನ್ ಒಳಗೆ ಹೂ. ಎಲೆಯ ಬುಡದಿಂದ ಒಂದೂವರೆ ಅಡಿವರೆಗೆ ಇಳಿಬೀಳುವ ದಂಡೆ, ಅದರಲ್ಲಿ ನೂರರವರೆಗೂ ಹೂ, ಬಿಳಿಯ ಮೇಲೆ ನೇರಳೆ ಗುಲಾಬಿ ಚುಕ್ಕೆ. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನು ಮುಡಿಯುತ್ತಾರೆ. ಅಸ್ಸಾಮಿನಲ್ಲೂ ಬಿಹು ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದೇ ಹೂ. ಅಸ್ಸಾಂ, ಅರುಣಾಚಲ ಎರಡಕ್ಕೂ ಇದು ರಾಜ್ಯ ಪುಷ್ಪ. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ.

ನಿಮ್ಮ ಗಿಡಕ್ಕೆ ಏನು ಮಾಡಬೇಕು? ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಮಣ್ಣು ತಾನಾಗೇ ಸಡಿಲವಾಗಲಿ. ಬೇರು ಎಳೆಯಬೇಡಿ. ಕಪ್ಪಾಗಿ ಮೆತ್ತಗಾದ ಬೇರನ್ನು ಕಾಯಿಸಿ ಆರಿಸಿದ ಕತ್ತರಿಯಿಂದ ಕತ್ತರಿಸಿ, ಗಟ್ಟಿ ಬೇರನ್ನು ಮುಟ್ಟಬೇಡಿ. ಗಾಳಿಯಾಡುವ ನೆರಳಿನಲ್ಲಿ ಒಂದು ದಿನ ಹಾಗೇ ಬಿಡಿ. ಆಮೇಲೆ ಒರಟು ತೊಗಟೆ ಇರುವ ಮರದ ತುಂಡಿಗೆ ಕಟ್ಟಿ. ಮಾವಿನದ್ದಾದರೆ ಇನ್ನೂ ಚೆನ್ನ, ಅದು ಗೊತ್ತಿರುವ ಮನೆ. ಕಟ್ಟಲು ಹಳೆ ಕಾಟನ್ ಸೀರೆಯ ಪಟ್ಟಿ ಸಾಕು. ತಂತಿ ಬೇಡ. ಬೇರು ತೊಗಟೆ ಹಿಡಿದುಕೊಳ್ಳುವಷ್ಟರಲ್ಲಿ ಬಟ್ಟೆ ತಾನೇ ಕೊಳೆತು ಬೀಳುತ್ತದೆ. ಮರದ ತುಂಡು ಸಿಗದಿದ್ದರೆ ಕಟ್ಟಿಗೆ ಪಟ್ಟಿಯ ಬುಟ್ಟಿಯಲ್ಲಿ ದೊಡ್ಡ ಇದ್ದಿಲ ತುಂಡು ಹಾಕಿ ಕೂರಿಸಿ. ಬೇರು ಅಲ್ಲಾಡದಂತೆ ಬಿಗಿಯಾಗಿ ಕಟ್ಟುವುದು ಮುಖ್ಯ. ಗಿಡ ಅಲುಗುತ್ತಿದ್ದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ.

ಸೀತಾಳೆ ದಂಡೆಗೆ ಬೇರು ಮುಟ್ಟಿಸಿಕೊಳ್ಳುವುದು ಇಷ್ಟವಿಲ್ಲ. ಹೀಗೆ ಜಾಗ ಬದಲಿಸಿದ ಮೇಲೆ ಒಂದೆರಡು ವರ್ಷ ಹೂ ಬಿಡದೆ ಇರಬಹುದು. ನಿರಾಶರಾಗಿ ಮತ್ತೆ ಜಾಗ ಬದಲಿಸಬೇಡಿ. ಹೊಸ ಬೇರಿನ ಹಸಿರು ತುದಿ ಕಾಣುತ್ತಿದೆ ಅಂದರೆ ಗಿಡ ನೆಲೆ ನಿಲ್ಲುತ್ತಿದೆ ಎಂದೇ ಅರ್ಥ.

ಇನ್ನು ಬೆಂಗಳೂರಿನ ತೊಂದರೆ ಬೇರೆ. ಇಲ್ಲಿ ಮಳೆ ವರ್ಷಕ್ಕೆ 1000 ಮಿಲಿಮೀಟರ್ ಆಸುಪಾಸು. ಫೆಬ್ರವರಿಯಿಂದ ಏಪ್ರಿಲ್ ಮಧ್ಯಾಹ್ನದ ಗಾಳಿ ತುಂಬಾ ಒಣ. ನಾಲ್ಕನೇ ಮಹಡಿಯಲ್ಲಿ ಆ ಗಾಳಿ ಬೀಸುತ್ತಲೂ ಇರುತ್ತದೆ. ಶಿರಸಿಯಲ್ಲಿ ಬೀಳುವ ಇಬ್ಬನಿ ನಿಮ್ಮ ಬಾಲ್ಕನಿಯಲ್ಲಿ ಬೀಳುವುದಿಲ್ಲ. ಹಾಗಾಗಿ ಮರದ ತುಂಡಿಗೆ ಕಟ್ಟಿದ ಗಿಡಕ್ಕೆ ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು ಬೇಕೇ ಬೇಕು. ಬೇರು ಹಸಿರಾಗುವವರೆಗೆ ಚಿಮುಕಿಸಿ, ಮಧ್ಯಾಹ್ನದೊಳಗೆ ಮತ್ತೆ ಬೆಳ್ಳಿ ಬಣ್ಣಕ್ಕೆ ತಿರುಗಬೇಕು. ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಮಳೆಗೇ ಬಿಟ್ಟುಬಿಡಿ. ಬಾಲ್ಕನಿಗೆ ಎರಚಲು ಬೀಳದಿದ್ದರೆ ಮಾತ್ರ ನೀವು ಹಾಕಿ. ಬೇಸಿಗೆಯ ಮಧ್ಯಾಹ್ನ ನೆಲಕ್ಕೆ ನೀರು ಚೆಲ್ಲಿ ಒದ್ದೆ ಮಾಡಿದರೆ, ಗಿಡಗಳನ್ನು ಒಟ್ಟೊಟ್ಟಿಗೆ ನೇತುಹಾಕಿದರೆ ಸುತ್ತ ತೇವ ಸ್ವಲ್ಪ ಜಾಸ್ತಿ ಇರುತ್ತದೆ.

ಪೂರ್ವದ ಬಾಲ್ಕನಿ ನಿಮ್ಮ ಅದೃಷ್ಟ. ಬೆಳಗಿನ ಬಿಸಿಲು ಹತ್ತೂವರೆವರೆಗೆ ನೇರ ಬಿದ್ದರೂ ದಂಡೆಗೆ ಒಳ್ಳೆಯದೇ. ಬೆಳಕು ಸಾಕೋ ಇಲ್ಲವೋ ಎಂಬುದನ್ನು ಎಲೆ ನೋಡಿ ತಿಳಿಯಬಹುದು. ಕಡು ಹಸಿರು ಎಲೆ ನೋಡಲು ಚೆಂದ, ಆದರೆ ಬೆಳಕು ಸಾಲದು ಎಂದರ್ಥ. ಸ್ವಲ್ಪ ಹಳದಿ ಕಡೆಗೆ ವಾಲಿದ ತಿಳಿ ಹಸಿರು ಸರಿಯಾದದ್ದು. ಎಲೆ ಕೆಂಪಗಾಗತೊಡಗಿದರೆ ಅಷ್ಟಕ್ಕೆ ನಿಲ್ಲಿಸಿ, ಶೇಡ್ ನೆಟ್ ಕಟ್ಟಿ.

ಫೆಲನಾಪ್ಸಿಸ್‌ಗೆ ಬರೋಣ. ಇದರ ಊರೇ ಬೇರೆ. ಅಂಗಡಿಯಲ್ಲಿ ಸಿಗುವ ದೊಡ್ಡ ಬಿಳಿ ಹೂವಿನ ಮಿಶ್ರತಳಿಗಳ ಮೂಲ ಫೆಲನಾಪ್ಸಿಸ್ ಅಮಾಬಿಲಿಸ್, ಫೆಲನಾಪ್ಸಿಸ್ ಅಫ್ರೊಡೈಟಿ ಇಂಥ ಜಾತಿಗಳು. ಜಾವಾ, ಬೋರ್ನಿಯೊ, ಫಿಲಿಪ್ಪೀನ್ಸ್ ದ್ವೀಪಗಳ ತಗ್ಗಿನ ಮಳೆಕಾಡು ಇವುಗಳ ಮನೆ. ಅಲ್ಲಿ ವರ್ಷದಲ್ಲಿ ಹೆಚ್ಚಿನ ತಿಂಗಳು ಮಳೆ, ಗಾಳಿಯಲ್ಲಿ ಸದಾ ತೇವ, ಮರದ ನೆರಳು. ಉದ್ದದ ಒಣ ಕಾಲ ಇವಕ್ಕೆ ಗೊತ್ತಿಲ್ಲ. ನೀರು ಕೂಡಿಡಲು ಗೆಡ್ಡೆ ಇಲ್ಲ, ದಂಟಿಲ್ಲ. ಇರುವುದು ನಾಲ್ಕೈದು ದಪ್ಪ ಎಲೆ ಮತ್ತು ಬೇರು. ಆದ್ದರಿಂದ ದಂಡೆಯ ಹಾಗೆ ವಾರಗಟ್ಟಲೆ ಒಣಗಿಸುವಂತಿಲ್ಲ.

ಎಲೆ ಸುಕ್ಕಾದಾಗ ನೀರು ಸಾಲದು ಎಂದುಕೊಂಡು ಇನ್ನಷ್ಟು ಹಾಕಿರುತ್ತೀರಿ, ಅಲ್ವಾ? ಬಹಳ ಜನ ಹಾಗೇ ಮಾಡುತ್ತಾರೆ. ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರಗೆ ತೆಗೆದು ನೋಡಿ. ಬೇರನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ. ಜೀವಂತ ಬೇರು ಗಟ್ಟಿಯಾಗಿರುತ್ತದೆ. ಸತ್ತದ್ದು ಚಪ್ಪಟೆಯಾಗುತ್ತದೆ, ಎಳೆದರೆ ಮೇಲಿನ ಹೊದಿಕೆ ಜಾರಿ ಕೈಗೆ ಬರುತ್ತದೆ, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ನಿಮ್ಮ ಗಿಡದಲ್ಲಿ ಬಹುತೇಕ ಬೇರು ಹೀಗೆ ಕೊಳೆತಿರುವ ಸಾಧ್ಯತೆಯೇ ಹೆಚ್ಚು. ಸುತ್ತ ನೀರಿದ್ದರೂ ಕುಡಿಯಲು ಬೇರಿಲ್ಲ, ಅದಕ್ಕೇ ಎಲೆ ಸುಕ್ಕಾಗುತ್ತದೆ.

ತಪ್ಪು ಪೂರ್ತಿ ನಿಮ್ಮದಲ್ಲ. ಈ ಗಿಡಗಳನ್ನು ಅನೇಕ ಸಲ ಪುಟ್ಟ ಪ್ಲಾಸ್ಟಿಕ್ ಕಪ್ಪಿನಲ್ಲಿ ಸ್ಫ್ಯಾಗ್ನಂ ಪಾಚಿಯನ್ನು ಒತ್ತಿ ತುಂಬಿಸಿ ಮಾರುತ್ತಾರೆ. ಅದನ್ನು ತೂತೇ ಇಲ್ಲದ ಅಂದದ ಪಿಂಗಾಣಿ ಕುಂಡದೊಳಗೆ ಇಟ್ಟು ಕೊಡುತ್ತಾರೆ. ಸಾಗಾಟಕ್ಕೆ ಅದು ಅನುಕೂಲ. ಮನೆಗೆ ತಂದ ಮೇಲೆ ದಿನಾ ನೀರು ಹಾಕಿದರೆ ನಡುವಿನ ಪಾಚಿ ಒಣಗುವುದೇ ಇಲ್ಲ. ಸತ್ತ ಬೇರು, ಹಳೆ ಪಾಚಿ ಎಲ್ಲ ತೆಗೆದುಹಾಕಿ. ಉಳಿದ ಬೇರಿನ ಗಾತ್ರಕ್ಕೆ ತಕ್ಕ ಸಣ್ಣ ಕುಂಡ ತೆಗೆದುಕೊಳ್ಳಿ, ತಳದಲ್ಲೂ ಪಕ್ಕದಲ್ಲೂ ತೂತಿರಲಿ. ಇದ್ದಿಲ ತುಂಡು ಅರ್ಧ, ತೆಂಗಿನಕಾಯಿ ಸಿಪ್ಪೆಯ ತುಂಡು ಅರ್ಧ ಹಾಕಿ. ಸಿಪ್ಪೆಯನ್ನು ಎರಡು ಮೂರು ದಿನ ನೆನೆಸಿ, ಕಂದು ನೀರನ್ನು ಚೆಲ್ಲಿ ಚೆಲ್ಲಿ ತೊಳೆದು ಬಳಸಿ. ಅದರಲ್ಲಿರುವ ಉಪ್ಪು ಎಳೆ ಬೇರಿಗೆ ಆಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಕುಂಡವಾದರೆ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಬೇರು ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆಯೇ ನೀರು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ವಾರಕ್ಕೆರಡು ಸಲ ಆಗುತ್ತದೆ, ಬೇಸಿಗೆಯಲ್ಲಿ ಇನ್ನೊಂದು ಸಲ ಜಾಸ್ತಿ.

ಕಾಡಿನಲ್ಲಿ ಫೆಲನಾಪ್ಸಿಸ್ ಮರದ ಬದಿಗೆ ಅಂಟಿಕೊಂಡು ಎಲೆ ಕೆಳಗೆ ಬಾಗಿಸಿ ಬೆಳೆಯುತ್ತದೆ. ನಡುವಿನ ಸುಳಿಯಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ. ನಾವು ಅದನ್ನು ಕುಂಡದಲ್ಲಿ ನೆಟ್ಟಗೆ ನಿಲ್ಲಿಸುತ್ತೇವೆ. ಸುಳಿಯಲ್ಲಿ ನೀರು ನಿಂತು ರಾತ್ರಿ ಕಳೆದರೆ ಸುಳಿ ಕೊಳೆಯುತ್ತದೆ. ಸುಳಿ ಹೋದರೆ ಗಿಡ ಬಹುಮಟ್ಟಿಗೆ ಹೋದ ಹಾಗೆಯೇ. ಆದ್ದರಿಂದ ಬೆಳಿಗ್ಗೆ ಮಾತ್ರ ನೀರು ಹಾಕಿ. ಸುಳಿಗೆ ಬಿದ್ದರೆ ಬಟ್ಟೆಯ ತುದಿಯಿಂದ ಒರೆಸಿ. ಕುಂಡವನ್ನು ಸ್ವಲ್ಪ ಓರೆಯಾಗಿಟ್ಟರೂ ಆಯಿತು.

ಮತ್ತೆ ಹೂ ಬರಿಸಲು ಬೆಂಗಳೂರಿನವರಿಗೆ ಒಂದು ದೊಡ್ಡ ಅನುಕೂಲವಿದೆ, ಇಲ್ಲಿನ ಚಳಿಗಾಲ. ಫೆಲನಾಪ್ಸಿಸ್ ಹೂದಂಟು ಹಾಕಬೇಕಾದರೆ ಕೆಲವು ವಾರ ತಂಪು ಬೇಕು. ರಾತ್ರಿ 16ರಿಂದ 18 ಡಿಗ್ರಿ, ಹಗಲು 25ರ ಆಸುಪಾಸು ಇದ್ದರೆ ಸರಿಯಾಗಿ ಕೂರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ನಿಮ್ಮ ಬಾಲ್ಕನಿಯಲ್ಲಿ ಇದು ಸುಮ್ನೆ ಸಿಗುತ್ತದೆ. ಚಳಿ ಎಂದು ಒಳಗೆ ಒಯ್ಯಬೇಡಿ. ಹೊರಗೆ ನೇರ ಬಿಸಿಲು ಬೀಳದ ಮೂಲೆಯಲ್ಲಿಡಿ. ಮಂಗಳೂರು, ಉಡುಪಿ ಕಡೆಯ ಓದುಗರು ಇದನ್ನು ಗಮನಿಸಬೇಕು. ಅಲ್ಲಿ ರಾತ್ರಿ ಅಷ್ಟು ತಣ್ಣಗಾಗುವುದು ಅಪರೂಪ, ಎಲೆ ಚೆನ್ನಾಗಿ ಬಂದರೂ ಹೂ ಮರಳಿ ಬರುವುದು ಕಷ್ಟ. ಕರಾವಳಿಯವರಿಗೆ ವಾಂಡಾ ಎಂಬ ಆರ್ಕಿಡ್, ಡೆಂಡ್ರೋಬಿಯಂ ಒಳ್ಳೆಯ ಆಯ್ಕೆ. ಆದರೆ ನಿಮ್ಮ ಗಿಡಕ್ಕೆ ಈ ವರ್ಷ ಹೂ ಕೇಳಬೇಡಿ. ಮೊದಲು ಬೇರು ಬರಲಿ. ಹಳೆ ಹೂದಂಟು ಇನ್ನೂ ಇದ್ದರೆ ಬುಡದ ಹತ್ತಿರ ಕತ್ತರಿಸಿಬಿಡಿ.

ಡೆಂಡ್ರೋಬಿಯಂ ವಿಷಯ ಸುಲಭ. ಬೆಳಕು ಕಡಿಮೆ, ನೀರು ಗೊಬ್ಬರ ಜಾಸ್ತಿ ಆದಾಗ ಹೂ ಬರಬೇಕಾದ ಗೆಣ್ಣಿನಲ್ಲಿ ಮರಿ ಬರುತ್ತದೆ. ಕೆಲವೊಮ್ಮೆ ಬುಡದಲ್ಲಿ ಬೇರು ಕೊಳೆತು ಗಿಡ ಕಂಗಾಲಾದಾಗಲೂ ಹೀಗೆ ಮರಿ ಹಾಕುತ್ತದೆ. ನಮ್ಮಲ್ಲಿ ಹೆಚ್ಚಾಗಿ ಮಾರುವ ನೇರಳೆ, ಬಿಳಿ ಹೂವಿನ ತಳಿಗಳ ಮುಖ್ಯ ಮೂಲ ಆಸ್ಟ್ರೇಲಿಯದ ಉತ್ತರ ತುದಿಯ ಡೆಂಡ್ರೋಬಿಯಂ ಬಿಗಿಬ್ಬಂ. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ, ಬಿಸಿಲು ಧಾರಾಳ. ನಿಮ್ಮ ಮೂರರಲ್ಲಿ ಬಿಸಿಲು ಹೆಚ್ಚು ಬೇಕಾದದ್ದು ಇದೇ. ಬಾಲ್ಕನಿಯ ಅಂಚಿಗೆ ತನ್ನಿ. ಮರಿಗೆ ಎರಡು ಇಂಚು ಬೇರು ಬಂದ ಮೇಲೆ ಬಿಡಿಸಿ ಬೇರೆ ನೆಡಬಹುದು. ಎಲೆ ಉದುರಿದ ಹಳೆ ದಂಟನ್ನು ಮಾತ್ರ ಕತ್ತರಿಸಬೇಡಿ. ಗಿಡದ ಆಹಾರ, ನೀರು ಅದರಲ್ಲೇ ಇದೆ, ಎಷ್ಟೋ ಸಲ ಅದರಲ್ಲೇ ಹೂವೂ ಬರುತ್ತದೆ. ನಮ್ಮ ಪಶ್ಚಿಮ ಘಟ್ಟದ ಡೆಂಡ್ರೋಬಿಯಂ ಬಾರ್ಬಟುಲಂ ನೋಡಿದವರಿಗೆ ಇದು ಹೊಸದಲ್ಲ. ಚಳಿಗಾಲದಲ್ಲಿ ಪೂರ್ತಿ ಬೋಳಾಗಿ ಒಣ ಕಡ್ಡಿಯ ಹಾಗೆ ಕಾಣುವ ದಂಟಿನ ತುದಿಯಲ್ಲಿ ಬಿಳಿ ಹೂಗಳ ಗೊಂಚಲು ಬಿಡುತ್ತದೆ. ಗೊತ್ತಿಲ್ಲದವರು ಸತ್ತಿತು ಎಂದು ಎಸೆಯುವ ಕಾಲವೇ ಅದರ ಹೂವಿನ ಕಾಲ.

ನೀರಿನ ಗುಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕುತ್ತಿದ್ದರೆ ಬೇರಿನ ಮೇಲೆ ಬಿಳಿ ಹೊಪ್ಪಳೆ ಕಟ್ಟುತ್ತದೆ, ಬೇರಿನ ತುದಿ ಸುಟ್ಟಂತಾಗುತ್ತದೆ. ಮಳೆ ನೀರು ಹಿಡಿದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಆರ್‌ಓ ಯಂತ್ರದಿಂದ ಹೊರಗೆ ಬೀಳುವ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆರ್ಕಿಡ್‌ಗೆ ಅದನ್ನು ಹಾಕಲೇಬೇಡಿ. ಉಪ್ಪೆಲ್ಲ ಸೇರಿಕೊಂಡಿರುವುದು ಆ ನೀರಿನಲ್ಲೇ. ಗೊಬ್ಬರಕ್ಕೆ ಅಂಗಡಿಯಲ್ಲಿ ಸಿಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ ಗೊಬ್ಬರ) ಸಾಕು. ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಹೊಸ ಬೇರು ಎಲೆ ಬರುತ್ತಿರುವಾಗ ಮಾತ್ರ. ಒಣಗಿದ ಬೇರಿಗೆ ಗೊಬ್ಬರ ಬೇಡ, ಮೊದಲು ಬರೀ ನೀರು ಹಾಕಿ ನೆನೆಸಿ. ಸಗಣಿ ಗೊಬ್ಬರವನ್ನು ಗುಲಾಬಿಗೆ ಇಟ್ಟುಕೊಳ್ಳಿ.

ಕೊನೆಯದಾಗಿ ಬೇಣದ ಬಿಳಿ ಹೂ. ನೀವು ಹೇಳುತ್ತಿರುವುದು ಬಹುಶಃ ಹ್ಯಾಬೆನೇರಿಯಾ ಗುಂಪಿನದು. ದಯವಿಟ್ಟು ತರಬೇಡಿ. ಇದು ಮರದ ಮೇಲಿನ ಆರ್ಕಿಡ್‌ನಂತಲ್ಲ. ನೆಲದೊಳಗೆ ಪುಟ್ಟ ಗೆಡ್ಡೆಯಾಗಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಮಲಗಿರುತ್ತದೆ. ಮಳೆ ಬಿದ್ದಾಗ ಎದ್ದು, ಎಲೆ ಹೂ ಬೀಜ ಎಲ್ಲ ಮುಗಿಸಿ ಮತ್ತೆ ಮಾಯವಾಗುತ್ತದೆ. ಆ ಮಣ್ಣಿನಲ್ಲಿರುವ ಕೆಲವು ಶಿಲೀಂಧ್ರಗಳ ಜೊತೆ ಅದರ ಬದುಕು ಬೆಸೆದುಕೊಂಡಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಮೊಳಕೆಗೆ ಬೇಕಾದ ಆಹಾರ ಅದರಲ್ಲಿರುವುದಿಲ್ಲ. ಸರಿಯಾದ ಶಿಲೀಂಧ್ರ ಸಿಕ್ಕಿ ಅದು ಉಣಿಸಿದರೆ ಮಾತ್ರ ಬೀಜ ಮೊಳೆಯುತ್ತದೆ. 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ಡ್ ಇದನ್ನು ಕಂಡುಹಿಡಿದರು. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜವಿದ್ದರೂ ಗಿಡವಾಗುವುದು ಬೆರಳೆಣಿಕೆಯಷ್ಟು. ಬೇಣದಿಂದ ಒಂದು ಗೆಡ್ಡೆ ಕಿತ್ತರೆ ಆ ಜಾಗಕ್ಕೆ ಇನ್ನೊಂದು ಬರಲು ಎಷ್ಟೋ ವರ್ಷ ಬೇಕು. ತಂದ ಗೆಡ್ಡೆಯೂ ಕುಂಡದಲ್ಲಿ ಒಂದು ಮಳೆಗಾಲ ಎದ್ದು ಆಮೇಲೆ ಕರಗಿಹೋಗುವುದೇ ಹೆಚ್ಚು. ಮೀಸಲು ಅರಣ್ಯದಿಂದ ಗಿಡ ಕೀಳುವುದಂತೂ ಅಪರಾಧ. ನೀವು ಮಾಡಿದ ಹಾಗೆ ಸ್ವಂತ ತೋಟದಲ್ಲಿ ಮುರಿದು ಬಿದ್ದ ಕೊಂಬೆಯ ಗಿಡವನ್ನು ಎತ್ತಿಕೊಂಡು ಉಳಿಸುವುದು ಒಳ್ಳೆಯ ಕೆಲಸ. ಅದನ್ನೂ ಸಾಧ್ಯವಾದರೆ ಪಕ್ಕದ ಇನ್ನೊಂದು ಮರಕ್ಕೇ ಕಟ್ಟುವುದು ಇನ್ನೂ ಒಳ್ಳೆಯದು.

ಬೇರೆ ಆರ್ಕಿಡ್ ಬೇಕಿದ್ದರೆ ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಿ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಶಿಲೀಂಧ್ರದ ನೆರವಿಲ್ಲದೆ ಬೀಜ ಮೊಳೆಯಿಸುವ ವಿಧಾನ ತೋರಿಸಿದ ಮೇಲೆ ಕಾಡಿನ ಗಿಡಕ್ಕೆ ಕೈ ಹಾಕುವ ಅಗತ್ಯವೇ ಉಳಿದಿಲ್ಲ. ದೊಡ್ಡ ಹೂವಿನ ಸಿಂಬಿಡಿಯಂ ಆರ್ಕಿಡ್ ನೋಡಿ ಮನಸ್ಸಾದರೆ ಸ್ವಲ್ಪ ತಡೆಯಿರಿ. ಅವುಗಳ ಮೂಲ ಹಿಮಾಲಯದ ತಂಪು ಕಾಡು, ಹೂ ಬರಲು ರಾತ್ರಿ 10ರಿಂದ 13 ಡಿಗ್ರಿ ತಂಪು ಬೇಕು. ಸಿಕ್ಕಿಂ, ಊಟಿಗೆ ಅದು ಸರಿ. ಬೆಂಗಳೂರಿನಲ್ಲಿ ಸೊಂಪಾದ ಎಲೆ ಮಾತ್ರ ಸಿಗುತ್ತದೆ. ನಿಮ್ಮ ಪೂರ್ವದ ಬಾಲ್ಕನಿಗೆ ಇನ್ನೊಂದು ಡೆಂಡ್ರೋಬಿಯಂ ತನ್ನಿ, ಇಲ್ಲವೇ ಒಂದು ಸಣ್ಣ ವಾಂಡಾ ತಂದು ದಂಡೆಯ ಪಕ್ಕದಲ್ಲೇ ನೇತುಹಾಕಿ. ಎರಡಕ್ಕೂ ನೀರು, ಬೆಳಕಿನ ಲೆಕ್ಕ ಹೆಚ್ಚುಕಡಿಮೆ ಒಂದೇ.